ಅಳುತ್ತಾ ಕೂತಿರುವ ಈ ಆಕೃತಿ ಯಾರು? ರೋಮನ್ ನಾಣ್ಯದ ಹಿಂಬದಿ ಓದಲು ಸಹಾಯ ಬೇಕು

ಕಾವೇರಿದಂಡೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯ ಕಲೋನ್‌ನಲ್ಲಿ, ಹುಟ್ಟಿದ್ದು ಶ್ರೀರಂಗಪಟ್ಟಣದ ಹತ್ತಿರ. ಹೋದ ಭಾನುವಾರ ಇಲ್ಲಿನ ನಾಣ್ಯ ಸಂತೆಯಲ್ಲಿ ಒಂದು ಬೆಳ್ಳಿ ಡಿನೇರಿಯಸ್ ಕೊಂಡೆ. ನನ್ನ ಮೊದಲ ರೋಮನ್ ನಾಣ್ಯ. ತೂಕ 3.2 ಗ್ರಾಂ, ಅಗಲ 18 ಮಿ.ಮೀ. ಹಿಂಬದಿಯಲ್ಲಿ ಯಾರೋ ನೆಲಮಟ್ಟದಲ್ಲಿ ಕೂತು ಕೈಗೆ ತಲೆ ಆನಿಸಿಕೊಂಡಿದ್ದಾರೆ. ಎರಡು ದಿನದಿಂದ ಅದನ್ನೇ ನೋಡುತ್ತಿದ್ದೇನೆ. ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟು ದುಃಖ ಹೇಗೆ ಕೆತ್ತಿದರೋ!

ಮಾರಿದವರು ಜೊತೆಗೆ ಕೊಟ್ಟ ಚೀಟಿಯಲ್ಲಿ 'ಜುಡೇಯಾ ಕಾಪ್ಟಾ, ಅಳುವ ಹೆಂಗಸು, ಕೆಳಗೆ ತಾಳೆಗರಿ' ಎಂದಿದೆ. ಆದರೆ ಜುಡೇಯಾ (ಜೆರುಸಲೇಮ್ ಇರುವ ಯಹೂದಿಗಳ ನಾಡು) ನಾಣ್ಯಗಳ ಚಿತ್ರ ಹುಡುಕಿದರೆ ಎಲ್ಲದರಲ್ಲೂ ಖರ್ಜೂರದ ಮರವೋ ಗೆದ್ದ ಆಯುಧಗಳ ಕಂಬವೋ ಎದ್ದು ಕಾಣುತ್ತದೆ. ನನ್ನದರಲ್ಲಿ ಅವೆರಡೂ ಇಲ್ಲ. ಕೂತವರ ತಲೆ ಮೇಲೆ ಟೋಪಿಯಂಥದ್ದು ಏನೋ ಇದೆ. ಸವೆದಿದೆ, ಸರಿಯಾಗಿ ಕಾಣುವುದಿಲ್ಲ. ಸ್ವಲ್ಪ ಉಜ್ಜಿ ತೊಳೆದರೆ ಗೊತ್ತಾಗುತ್ತದೆಯೇ?

ಟಂಕಸಾಲೆ

ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣು, ಟೂತ್‌ಪೇಸ್ಟ್, ಯಾವುದೂ ಬೇಡ. ಸಾವಿರದ ಒಂಬೈನೂರು ವರ್ಷದಲ್ಲಿ ಹೋಗದ ಗೆರೆ ನಿಮ್ಮ ಕೈಯಲ್ಲಿ ಹೋಗಬಾರದು. ಕತ್ತಲ ಕೋಣೆಯಲ್ಲಿ ಒಂದೇ ದೀಪ ಇಟ್ಟು, ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಮಾಡಿ ಫೋಟೋ ತೆಗೆಯಿರಿ. ನಾಣ್ಯವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹತ್ತು ಫೋಟೋ ತೆಗೆಯಿರಿ.

ಇನ್ನೊಂದು ಮಾತು. ಹಿಂಬದಿಯ ಚಿತ್ರದಿಂದ ಶುರು ಮಾಡಬೇಡಿ. ಮೊದಲು ಮುಂಬದಿ ನೋಡಿ. ಮುಖ ಯಾರದು, ಸುತ್ತ ಯಾವ ಅಕ್ಷರಗಳಿವೆ? ಅಳುವ ಆಕೃತಿ ಹತ್ತಾರು ರೋಮನ್ ನಾಣ್ಯಗಳಲ್ಲಿದೆ. ಆದರೆ ಚಕ್ರವರ್ತಿಯ ಬಿರುದುಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅದೇ ನಮ್ಮ ಪಂಚಾಂಗ.

ಕಾವೇರಿದಂಡೆ

ಮುಂಬದಿ ಚೆನ್ನಾಗಿದೆ ಸರ್. ಹಣೆ ಮೇಲೆ ಕೂದಲು ಬಾಚಿ ಇಳಿಸಿದ ಗಂಡಸು, ಗಡ್ಡ ಇಲ್ಲ, ತಲೆಗೆ ಎಲೆಗಳ ಕಿರೀಟ. ಅಕ್ಷರ ಒಂದೊಂದಾಗಿ ಓದಿದೆ: 'ಇಂಪ್ ಟ್ರಾಯಾನೋ ಆಗ್ ಗೆರ್ ಡಾಕ್ ಪಿ ಎಂ ಟಿಆರ್ ಪಿ'. ಹಿಂಬದಿಯಲ್ಲಿ 'ಕೋಸ್ 5 ಪಿಪಿ ಎಸ್‌ಪಿಕ್ಯೂಆರ್ ಒಪ್ಟಿಮೋ ಪ್ರಿಂಕ್'. ಐದು ಎಂಬುದನ್ನು ರೋಮನ್ ಅಂಕಿಯಲ್ಲಿ ಹಾಕಿದ್ದಾರೆ. ಆಕೃತಿಯ ಕೆಳಗೆ ಒಂದು ಗೆರೆ ಇದೆ. ಗೆರೆಯ ಕೆಳಗೆ ಮೊದಲ ಅಕ್ಷರ 'ಡಿ', ಕೊನೆಯದು 'ಪಿ' ಇರಬಹುದು. ನಡುವಿನದು ಸವೆದಿದೆ.

ಟಂಕಸಾಲೆ

ಹಾಗಾದರೆ ಚೀಟಿ ತಪ್ಪು. ನಿಮ್ಮ ನಾಣ್ಯ ಚಕ್ರವರ್ತಿ ಟ್ರೇಜನ್‌ನದು. ನೀವು ಓದಿದ್ದರಲ್ಲೇ ಎಲ್ಲ ಇದೆ, ಬಿಡಿಸಿ ಹೇಳುತ್ತೇನೆ.

'ಗೆರ್' ಎಂದರೆ ಜರ್ಮಾನಿಕಸ್, ಜರ್ಮನರನ್ನು ಗೆದ್ದವನು. 'ಡಾಕ್' ಎಂದರೆ ಡಾಸಿಕಸ್, ಡೇಸಿಯಾವನ್ನು ಗೆದ್ದವನು. ಈಗಿನ ರೊಮೇನಿಯಾದ ಬಹುಭಾಗವೇ ಆಗಿನ ಡೇಸಿಯಾ. ಈ ಎರಡನೇ ಬಿರುದು ಟ್ರೇಜನ್‌ಗೆ ಬಂದದ್ದು ಮೊದಲ ಡೇಸಿಯಾ ಯುದ್ಧ ಮುಗಿದ ಕ್ರಿ.ಶ. 102ರಲ್ಲಿ. 'ಕೋಸ್ 5' ಎಂದರೆ ಐದನೇ ಸಲ ಕಾನ್ಸಲ್, ರೋಮಿನ ಅತಿ ದೊಡ್ಡ ಅಧಿಕಾರಿಯ ಪದವಿ. ಅದು 103ರಿಂದ. ಆರನೇ ಸಲ ಕಾನ್ಸಲ್ ಆದದ್ದು 112ರಲ್ಲಿ. ಅಂದರೆ ನಾಣ್ಯ ಅಚ್ಚಾದದ್ದು 103ರಿಂದ 111ರ ಒಳಗೆ. 'ಒಪ್ಟಿಮೋ ಪ್ರಿಂಕಿಪಿ' ಎಂದರೆ ಅತ್ಯುತ್ತಮ ದೊರೆಗೆ. 'ಎಸ್‌ಪಿಕ್ಯೂಆರ್' ಎಂದರೆ ಸೆನೆಟ್ ಮತ್ತು ರೋಮಿನ ಜನ. ಅವರು ಅವನಿಗೆ ಅರ್ಪಿಸಿದ್ದು ಎಂದು ಅರ್ಥ.

ಜುಡೇಯಾ ಕಾಪ್ಟಾ ನಾಣ್ಯಗಳು ಚಕ್ರವರ್ತಿ ವೆಸ್ಪಾಸಿಯನ್ ಮತ್ತು ಅವನ ಮಕ್ಕಳ ಕಾಲದವು. ನಿಮ್ಮದಕ್ಕಿಂತ ಮೂವತ್ತು ವರ್ಷ ಹಿಂದಿನವು.

ಗೆರೆಯ ಕೆಳಗಿನ ಬರಹ 'ಡಾಕ್ ಕಾಪ್' ಇರಬೇಕು. ಡೇಸಿಯಾ ಕಾಪ್ಟಾ, ಡೇಸಿಯಾ ಸೆರೆಯಾಯಿತು. ತಲೆ ಮೇಲಿನ ಟೋಪಿ ಕೂಡ ಅದನ್ನೇ ಹೇಳುತ್ತದೆ. ಡೇಸಿಯಾದ ದೊಡ್ಡ ಮನೆತನದ ಗಂಡಸರು ಚೂಪು ತುದಿಯ ಮೆತ್ತನೆ ಟೋಪಿ ಹಾಕುತ್ತಿದ್ದರು. ರೋಮ್‌ನಲ್ಲಿ 113ರಲ್ಲಿ ನಿಂತ ಟ್ರೇಜನ್ ಸ್ತಂಭದ ಮೇಲೆ ಅದೇ ಟೋಪಿ ಎಷ್ಟೋ ಕಡೆ ಕಾಣುತ್ತದೆ. ಅಲ್ಲಿಗೆ ನಿಮ್ಮ ನಾಣ್ಯದಲ್ಲಿರುವುದು ಹೆಂಗಸಲ್ಲ, ಸೋತ ಡೇಸಿಯಾದ ಗಂಡಸು.

'ಕಾಪ್ಟಾ' ಎಂಬ ಪದ ನಿಜವಾಗಿ ಹೊಂದುವುದು ಎರಡನೇ ಯುದ್ಧದ ನಂತರ. 105ರಲ್ಲಿ ಮತ್ತೆ ಯುದ್ಧ ಶುರುವಾಯಿತು. 106ರಲ್ಲಿ ರಾಜಧಾನಿ ಸಾರ್ಮಿಜೆಗೆಟೂಸಾ ಬಿತ್ತು. ರಾಜ ಡೆಸೆಬಾಲಸ್ ಶತ್ರು ಕೈಗೆ ಸಿಗಬಾರದೆಂದು ತನ್ನನ್ನೇ ಕೊಂದುಕೊಂಡ. ಅವನ ತಲೆಯನ್ನು ಟ್ರೇಜನ್ ಬಳಿಗೆ ಒಯ್ದ ಕುದುರೆ ಸವಾರನ ಸಮಾಧಿ ಕಲ್ಲು ಗ್ರೀಸ್‌ನಲ್ಲಿ ಸಿಕ್ಕಿದೆ. ಅವನ ಹೆಸರು ಟೈಬೀರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್. ಆ ಕಲ್ಲಿನಲ್ಲಿ ಅವನು ಈ ಕೆಲಸವನ್ನು ಹೆಮ್ಮೆಯಿಂದ ಬರೆಸಿಕೊಂಡಿದ್ದಾನೆ. ನಿಮ್ಮ ನಾಣ್ಯ ಹಿಡಿದುಕೊಂಡು ಆ ಕಲ್ಲಿನ ಬಗ್ಗೆ ಓದಿ. ಎರಡೂ ಒಂದೇ ಘಟನೆಯವು.

ಮೂರುಕಾಸು

ಒಂದು ದಡ್ಡ ಪ್ರಶ್ನೆ ಅನ್ನಿಸಿದರೂ ಕೇಳುತ್ತೇನೆ. ಅದೇ ಅಳುವ ಭಂಗಿ ಎರಡು ಕಡೆಯೂ ಬಂದದ್ದು ಹೇಗೆ? ಜುಡೇಯಾ ನಾಣ್ಯ ನೋಡಿ ನಕಲು ಮಾಡಿದರೇ?

ಹಳೇ ಮೇಷ್ಟ್ರು

ದಡ್ಡ ಪ್ರಶ್ನೆ ಖಂಡಿತ ಅಲ್ಲ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವನು. ಈ ಭಂಗಿಯನ್ನು ನಾನು ಒಂದು ಅಕ್ಷರದ ಹಾಗೆ ಓದುತ್ತೇನೆ. ಕೆಳಗೆ ಕೂತು ತಲೆಗೆ ಕೈಕೊಟ್ಟರೆ ಸೋಲು. ಓದು ಬಾರದವನಿಗೂ ತಿಳಿಯುತ್ತದೆ. ಜೂಲಿಯಸ್ ಸೀಸರ್ ಗಾಲ್ ದೇಶ ಗೆದ್ದಾಗಲೇ ಗೆಲುವಿನ ಕಂಬದ ಬುಡದಲ್ಲಿ ಕೂತ ಸೆರೆಯಾಳುಗಳು ನಾಣ್ಯದ ಮೇಲೆ ಬಂದಿದ್ದರು.

ಆದರೆ ಈ ಅಕ್ಷರವನ್ನು ಎಲ್ಲಕ್ಕಿಂತ ಜಾಸ್ತಿ ಬಳಸಿದವನು ವೆಸ್ಪಾಸಿಯನ್. ಅದಕ್ಕೆ ಕಾರಣ ಇದೆ. ಕ್ರಿ.ಶ. 69ರಲ್ಲಿ ರೋಮ್ ಒಂದೇ ವರ್ಷದಲ್ಲಿ ನಾಲ್ಕು ಚಕ್ರವರ್ತಿಗಳನ್ನು ಕಂಡಿತು. ಕೊನೆಗೆ ಉಳಿದವನು ವೆಸ್ಪಾಸಿಯನ್. ದೊಡ್ಡ ವಂಶದವನಲ್ಲ. ಸಿಂಹಾಸನ ಸಿಕ್ಕಿದ್ದು ರೋಮನರು ರೋಮನರನ್ನೇ ಕೊಂದ ಯುದ್ಧದಿಂದ. ಅದನ್ನು ನಾಣ್ಯದ ಮೇಲೆ ಹಾಕಿಕೊಳ್ಳಲು ಆಗುತ್ತದೆಯೇ? ಹಾಕಿಕೊಳ್ಳಬಹುದಾದ ಗೆಲುವು ಒಂದೇ ಒಂದಿತ್ತು. 70ರಲ್ಲಿ ಅವನ ಮಗ ಟೈಟಸ್ ಜೆರುಸಲೇಮನ್ನು ಹಿಡಿದು ಅಲ್ಲಿನ ದೇವಾಲಯ ಸುಟ್ಟದ್ದು. 71ರಲ್ಲಿ ರೋಮ್‌ನಲ್ಲಿ ವಿಜಯದ ಮೆರವಣಿಗೆ ನಡೆಯಿತು. ಅದೇ ವರ್ಷದಿಂದ ದೊಡ್ಡ ಹಿತ್ತಾಳೆಯ ಸೆಸ್ಟರ್ಟಿಯಸ್ ನಾಣ್ಯಗಳು ಹೊರಬಂದವು. ಸುಮಾರು 25 ಗ್ರಾಂ ತೂಕ, ಅಂಗೈ ತುಂಬುವ ನಾಣ್ಯ. ನಡುವೆ ಖರ್ಜೂರದ ಮರ, ಒಂದು ಬದಿ ಅಳುವ ಹೆಂಗಸು, ಇನ್ನೊಂದು ಬದಿ ಕೈಕಟ್ಟಿದ ಗಂಡಸು. ಕೆಲವದರಲ್ಲಿ ಗಂಡಸಿನ ಜಾಗದಲ್ಲಿ ಚಕ್ರವರ್ತಿಯೇ ಬಿದ್ದ ಶಿರಸ್ತ್ರಾಣದ ಮೇಲೆ ಕಾಲಿಟ್ಟು ನಿಂತಿದ್ದಾನೆ.

ಮುಖ್ಯ ವಿಷಯ ಇನ್ನೂ ಇದೆ. ಜುಡೇಯಾ ಆಗ ಹೊಸದಾಗಿ ಗೆದ್ದ ನಾಡೇ ಅಲ್ಲ! ಕ್ರಿ.ಶ. 6ರಿಂದ ಅದು ರೋಮಿನ ಪ್ರಾಂತ್ಯವಾಗಿತ್ತು. ತನ್ನದೇ ಪ್ರಾಂತ್ಯದಲ್ಲಿ ಎದ್ದ ದಂಗೆಯನ್ನು ಅಡಗಿಸಿ, ಪರದೇಶ ಗೆದ್ದವನ ಹಾಗೆ 'ಸೆರೆಯಾಯಿತು' ಎಂದು ಹಾಕಿಸಿದ. ನಾನು ಮಕ್ಕಳಿಗೆ ಇದನ್ನೇ ಹೇಳುತ್ತಿದ್ದೆ. ನಾಣ್ಯದಲ್ಲಿ ಏನಿದೆ ಎಂದು ಓದಿದ ಮೇಲೆ, ಅದನ್ನು ಆ ಹೊತ್ತಿನಲ್ಲಿ ಯಾರಿಗೆ ಯಾಕೆ ಹೇಳಬೇಕಿತ್ತು ಎಂದು ಕೇಳಿಕೊಳ್ಳಿ.

ಒಂಟೆದಾರಿ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸಲೇಬೇಕು. ಚಿತ್ರಕ್ಕಿಂತ ನನಗೆ ಕ್ರಿಯಾಪದ ಮುಖ್ಯ. ನಾನು ಜೋರ್ಡಾನ್‌ನಲ್ಲಿ ಕೆಲಸ ಮಾಡಿದವನು, ಪೆಟ್ರಾಕ್ಕೆ ನಾಲ್ಕು ಸಲ ಹೋಗಿದ್ದೇನೆ. ಅಲ್ಲಿನ ನಬಟೇಯ ರಾಜ್ಯವನ್ನು ಟ್ರೇಜನ್ ಅದೇ 106ರಲ್ಲಿ ಸೇರಿಸಿಕೊಂಡ. ಅಂದರೆ ಡೇಸಿಯಾ ಬಿದ್ದ ವರ್ಷವೇ. ಸಿರಿಯಾದ ಆಡಳಿತಗಾರ ಕಾರ್ನೀಲಿಯಸ್ ಪಾಲ್ಮಾ ಸೇನೆಯೊಂದಿಗೆ ಹೋಗಿ ನಾಡನ್ನು ವಶಕ್ಕೆ ತೆಗೆದುಕೊಂಡ. ಡೇಸಿಯಾದಂಥ ದೊಡ್ಡ ಯುದ್ಧ ಆಗಲಿಲ್ಲ.

ಆ ನಾಡು ರೋಮನರ ಬಾಯಲ್ಲಿ ಅರೇಬಿಯಾ. ಅದಕ್ಕಾಗಿ ಟ್ರೇಜನ್ ಹೊರಡಿಸಿದ ನಾಣ್ಯದ ಮೇಲೆ 'ಅರಬ್ ಕಾಪ್' ಎಂದಿಲ್ಲ. 'ಅರಬ್ ಅಡ್‌ಕ್' ಎಂದಿದೆ. ಅಡ್‌ಕ್ವಿಸಿಟಾ, ಅಂದರೆ ಸೇರಿಸಿಕೊಂಡದ್ದು, ಗಳಿಸಿದ್ದು. ಆಕೃತಿ ಅಳುತ್ತಿಲ್ಲ. ಅರೇಬಿಯಾ ಹೆಣ್ಣಿನ ರೂಪದಲ್ಲಿ ನೆಟ್ಟಗೆ ನಿಂತಿದ್ದಾಳೆ. ಕೈಯಲ್ಲಿ ಕೊಂಬೆ, ಕಾಲ ಬಳಿ ಪುಟ್ಟ ಒಂಟೆ. ಒಬ್ಬನೇ ಚಕ್ರವರ್ತಿ, ಒಂದೇ ಟಂಕಸಾಲೆ. ಒಂದು ನಾಡು ಆಯುಧಗಳ ನಡುವೆ ಕುಸಿದು ಕೂತಿದೆ, ಇನ್ನೊಂದು ನಿಂತಿದೆ. ಪದ ಆರಿಸಿದವರು ಯೋಚಿಸಿಯೇ ಆರಿಸಿದ್ದಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗಿನ ಸಿರಿಯಾದಲ್ಲಿರುವ ಬಾಸ್ಟ್ರಾದಿಂದ ಕೆಂಪು ಸಮುದ್ರದವರೆಗೆ ಟ್ರೇಜನ್ ಹಾಕಿಸಿದ ರಸ್ತೆಯ ಮೈಲಿಗಲ್ಲುಗಳೂ ಅದೇ ಧಾಟಿಯವು. ಅರೇಬಿಯಾವನ್ನು ಪ್ರಾಂತ್ಯದ ರೂಪಕ್ಕೆ ತಂದು, ಹೊಸ ರಸ್ತೆ ತೆರೆದು, ಕಲ್ಲು ಹಾಸಿಸಿದ ಎಂದಿವೆ. ಕಲ್ಲೂ ನಾಣ್ಯವೂ ಒಂದೇ ದನಿ.

ಕಾವೇರಿದಂಡೆ

ತುಂಬಾ ಧನ್ಯವಾದ ಎಲ್ಲರಿಗೂ. ನನಗೆ ಈಗ ಗೊಂದಲ ಬೇರೆ ಕಡೆ ಶುರುವಾಗಿದೆ. ಅರೇಬಿಯಾ ಹೆಣ್ಣು, ಜುಡೇಯಾ ಹೆಣ್ಣು, ಆದರೆ ನನ್ನ ನಾಣ್ಯದಲ್ಲಿ ಡೇಸಿಯಾ ಗಂಡಸೇ? ನಮ್ಮಲ್ಲೂ ನಾಡು ಎಂದರೆ ತಾಯಿ ಅಲ್ವಾ, ಭುವನೇಶ್ವರಿಯ ಹಾಗೆ.

ಟಂಕಸಾಲೆ

ಒಳ್ಳೆಯ ಪ್ರಶ್ನೆ. ಸಂಗ್ರಹಕಾರರ ಚೀಟಿಗಳಲ್ಲಿ ಜಾಸ್ತಿ ತಪ್ಪಾಗುವುದು ಇಲ್ಲೇ.

ಲ್ಯಾಟಿನ್‌ನಲ್ಲಿ ಈ ನಾಡುಗಳ ಹೆಸರು ಸ್ತ್ರೀಲಿಂಗ. ಹಾಗಾಗಿ ನಾಡನ್ನೇ ತೋರಿಸುವಾಗ ಹೆಣ್ಣು ಬರುತ್ತಾಳೆ. ಗಂಡಸು ಬಂದರೆ ಹೆಚ್ಚಿನ ಪಾಲು ಅವನು ಆ ನಾಡಿನ ಸೋತ ಜನ. ನಿಮ್ಮದು ಸೋತ ಜನರ ನಾಣ್ಯ. ಡೇಸಿಯಾ ಎಂಬ ನಾಡಿನ ನಾಣ್ಯ ಬೇರೆ ಇದೆ, ಅದೇ ಟ್ರೇಜನ್‌ನದು. 112ರ ನಂತರ ಬಂದದ್ದು, ಆರನೇ ಕಾನ್ಸಲ್ ಅವಧಿಯದು. ಬರಹ 'ಡಾಸಿಯಾ ಆಗುಸ್ಟ್ ಪ್ರೋವಿನ್ಕಿಯಾ'. ಅದರಲ್ಲಿ ಡೇಸಿಯಾ ಹೆಣ್ಣಾಗಿ ಬಂಡೆಯ ಮೇಲೆ ಕೂತಿದ್ದಾಳೆ. ಕೈಯಲ್ಲಿ ರೋಮನ್ ಸೇನೆಯ ಹದ್ದಿನ ಧ್ವಜ. ಪಕ್ಕದಲ್ಲಿ ಮಕ್ಕಳು, ಒಬ್ಬನ ಕೈಯಲ್ಲಿ ದ್ರಾಕ್ಷಿ, ಇನ್ನೊಬ್ಬನ ಕೈಯಲ್ಲಿ ತೆನೆ.

ಕೆಲವೇ ವರ್ಷಗಳ ಅಂತರ ನೋಡಿ. ಮೊದಲದು ಸೋತವನ ಚಿತ್ರ. ಎರಡನೆಯದು ಬೆಳೆ ಕೊಡುವ, ಸೈನ್ಯ ಸಾಕುವ ಪ್ರಾಂತ್ಯದ ಚಿತ್ರ. ನಡುವೆ ಆ ನಾಡಿಗೆ ಹೊರಗಿನಿಂದ ಜನರನ್ನು ತಂದು ತುಂಬಿಸಿದರು, ಅಲ್ಲಿನ ಚಿನ್ನದ ಗಣಿಗಳನ್ನು ಕೆಲಸಕ್ಕೆ ಹಚ್ಚಿದರು. ಎರಡೂ ನಾಣ್ಯ ಅಕ್ಕಪಕ್ಕ ಇಟ್ಟಾಗಲೇ ಕಥೆ ಪೂರ್ತಿ. ಭುವನೇಶ್ವರಿಯನ್ನು ಆ ನಾಡಿನ ಮಕ್ಕಳೇ ತಾಯಿ ಎಂದು ಕರೆದರು. ಡೇಸಿಯಾದ ಈ ತಾಯಿಯನ್ನು ಕೆತ್ತಿಸಿದವರು ಗೆದ್ದವರು. ಅದೊಂದು ವ್ಯತ್ಯಾಸ ನೆನಪಿರಲಿ.

ಮೂರುಕಾಸು

ಒಂಟೆದಾರಿ ಸರ್, ಕ್ರಿಯಾಪದವನ್ನು ಅಷ್ಟು ನಂಬಬಹುದೇ? ಸುಮ್ನೆ 'ಕಾಪ್ಟಾ' ಎಂದು ಹಾಕಿಕೊಂಡವರೂ ಇರಬೇಕಲ್ಲ?

ಹಳೇ ಮೇಷ್ಟ್ರು

ಇದ್ದಾರೆ. ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್‌ನಿಂದಲೇ ಶುರು. ಕ್ರಿ.ಪೂ. 20ರಲ್ಲಿ ಆರ್ಮೇನಿಯಾದ ರಾಜನನ್ನು ಅವನ ಕಡೆಯವರೇ ಕೊಂದರು. ಆಗಸ್ಟಸ್‌ನ ಮಲಮಗ ಟೈಬೀರಿಯಸ್ ಹೋಗಿ ಟೈಗ್ರಾನೆಸ್ ಎಂಬವನಿಗೆ ಕಿರೀಟ ಇಟ್ಟು ಬಂದ. ಯುದ್ಧವೇ ಆಗಲಿಲ್ಲ. ನಾಣ್ಯದ ಮೇಲೆ ಮಾತ್ರ 'ಆರ್ಮೇನಿಯಾ ಕಾಪ್ಟಾ'. ಆದರೆ ಆಗಸ್ಟಸ್ ತನ್ನ ಸಾಧನೆಗಳನ್ನು ಬರೆಸಿದ ಶಾಸನದಲ್ಲಿ, ಆರ್ಮೇನಿಯಾವನ್ನು ಪ್ರಾಂತ್ಯ ಮಾಡಬಹುದಿತ್ತು, ಮಾಡದೆ ಟೈಗ್ರಾನೆಸ್‌ಗೆ ಕೊಟ್ಟೆ ಎಂದು ತಾನೇ ಹೇಳಿಕೊಂಡಿದ್ದಾನೆ. ಅಂಕಾರಾದ ದೇವಾಲಯದ ಗೋಡೆಯ ಮೇಲೆ ಆ ಶಾಸನ ಇವತ್ತಿಗೂ ಇದೆ. ಅವನ ನಾಣ್ಯಕ್ಕೆ ಅವನದೇ ಶಾಸನ ಎದುರು ಸಾಕ್ಷಿ.

ಇನ್ನೂ ತೀರ ಕಣ್ಣಿಗೆ ಹೊಡೆಯುವುದು ಚಕ್ರವರ್ತಿ ಫಿಲಿಪ್‌ನ ನಾಣ್ಯ. ಕ್ರಿ.ಶ. 244ರಲ್ಲಿ ಪರ್ಷಿಯಾ ದಂಡಯಾತ್ರೆಯಲ್ಲಿ ಹಿಂದಿನ ಚಕ್ರವರ್ತಿ, ಹುಡುಗ ಗೋರ್ಡಿಯನ್ ಸತ್ತ. ಫಿಲಿಪ್ ತಕ್ಷಣ ರಾಜಿ ಮಾಡಿಕೊಂಡ. ನಾಣ್ಯದ ಬರಹ 'ಪಾಕ್ಸ್ ಫುಂಡಾಟಾ ಕುಮ್ ಪೆರ್ಸಿಸ್', ಪರ್ಷಿಯನ್ನರೊಂದಿಗೆ ಶಾಂತಿ ಸ್ಥಾಪನೆಯಾಯಿತು. ನೋಡಲು ಎಷ್ಟು ಗಂಭೀರ! ಆದರೆ ಪರ್ಷಿಯಾದ ದೊರೆ ಶಾಪುರ್, ಈಗಿನ ಇರಾನಿನ ನಕ್ಷ್-ಎ-ರುಸ್ತಮ್ ಎಂಬ ಜಾಗದಲ್ಲಿ ಮೂರು ಭಾಷೆಯಲ್ಲಿ ಕಲ್ಲಿನ ಮೇಲೆ ಬರೆಸಿದ್ದು ಬೇರೆ. ಫಿಲಿಪ್ ಬೇಡಿಕೊಂಡು ಬಂದ, 5 ಲಕ್ಷ ದಿನಾರ ಕೊಟ್ಟ, ಕಪ್ಪ ಕೊಡುವವನಾದ ಎಂದಿದೆ. ಶಾಪುರ್ ಕೂಡ ತನ್ನ ಹೆಚ್ಚುಗಾರಿಕೆಯನ್ನೇ ಹೇಳುತ್ತಿದ್ದಾನೆ, ಅದೂ ನಿಜ. ಆದರೂ ಎರಡನ್ನೂ ಓದಿದವನು ಇನ್ನು ಮುಂದೆ 'ಪಾಕ್ಸ್' ಕಂಡ ಕಡೆಯೆಲ್ಲ ಒಂದು ಕ್ಷಣ ನಿಲ್ಲುತ್ತಾನೆ.

ಒಂಟೆದಾರಿ

ಒಪ್ಪಿದೆ. ಟ್ರೇಜನ್‌ನದ್ದೂ ಹಾಗೇ ಕೊನೆಯಾಯಿತು. 116ರ ಸುಮಾರಿಗೆ 'ಆರ್ಮೇನಿಯಾ, ಮೆಸೊಪೊಟೇಮಿಯಾ ರೋಮನ್ ಜನರ ಅಧೀನಕ್ಕೆ ಬಂದವು' ಎಂದು ದೊಡ್ಡ ನಾಣ್ಯ ಹೊರಡಿಸಿದ. ಅವನ ಕಾಲ ಕೆಳಗೆ ಆರ್ಮೇನಿಯಾ, ಯೂಫ್ರೆಟಿಸ್, ಟೈಗ್ರಿಸ್ ಮೂರೂ ಮನುಷ್ಯ ರೂಪದಲ್ಲಿ ಮಲಗಿವೆ. 117ರಲ್ಲಿ ಅವನು ಸತ್ತ. ಮುಂದಿನ ಚಕ್ರವರ್ತಿ ಹೇಡ್ರಿಯನ್ ಬಂದವನೇ ಅವುಗಳನ್ನು ಬಿಟ್ಟುಕೊಟ್ಟ. ನಾಣ್ಯ ಇನ್ನೂ ಹೊಸದಾಗಿ ಹೊಳೆಯುತ್ತಿರುವಾಗಲೇ ನಾಡು ಕೈತಪ್ಪಿತ್ತು.

ಟಂಕಸಾಲೆ

ಹೇಡ್ರಿಯನ್ ಹೆಸರು ಬಂತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಪ್ರಾಂತ್ಯದ ನಾಣ್ಯ ಎಂದರೆ ಸೋಲಿನ ನಾಣ್ಯ ಎಂದು ಯಾರೂ ತಿಳಿಯಬಾರದು.

ಅವನು ಆಳಿದ ಕಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಊರಿಂದೂರಿಗೆ ತಿರುಗಿದವನು. ಕೊನೆಯ ವರ್ಷಗಳಲ್ಲಿ ಆ ನೆನಪಿಗೆ ನಾಣ್ಯಗಳ ಸಾಲೇ ಬಂತು. ಈಜಿಪ್ಟ್ ಆರಾಮಾಗಿ ಒರಗಿ ಗೆಜ್ಜೆಯಂಥ ವಾದ್ಯ ಹಿಡಿದಿದ್ದಾಳೆ, ಎದುರಿಗೆ ಐಬಿಸ್ ಹಕ್ಕಿ. ಆಫ್ರಿಕಾ ಆನೆಯ ತಲೆಯ ಟೋಪಿ ತೊಟ್ಟು ಚೇಳು ಹಿಡಿದಿದ್ದಾಳೆ, ಪಕ್ಕದಲ್ಲಿ ಧಾನ್ಯದ ಬುಟ್ಟಿ. ಸ್ಪೇನ್ ಬಳಿ ಆಲಿವ್ ಕೊಂಬೆ, ಪುಟ್ಟ ಮೊಲ. ಅವನ ಮನೆತನ ಸ್ಪೇನಿನ ಇಟಾಲಿಕಾದ್ದು, ಆ ಮೊಲ ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಇನ್ನು ಕೆಲವದರಲ್ಲಿ 'ರೆಸ್ಟಿಟೂಟೋರಿ', ಉದ್ಧಾರ ಮಾಡಿದವನಿಗೆ ಎಂಬ ಬರಹ. ಮಂಡಿಯೂರಿದ ಪ್ರಾಂತ್ಯವನ್ನು ಅವನು ಕೈಹಿಡಿದು ಎಬ್ಬಿಸುತ್ತಾನೆ. 'ಅಡ್ವೆಂಟುಯಿ' ಎಂದಿದ್ದರೆ ಅವನು ಅಲ್ಲಿಗೆ ಬಂದದ್ದರ ನೆನಪು.

ಈ 'ಅಡ್ವೆಂಟುಯಿ' ಸಾಲಿನಲ್ಲಿ ಜುಡೇಯಾ ಕೂಡ ಇದೆ. ಈ ಸಲ ಅವಳು ನಿಂತು ಚಕ್ರವರ್ತಿಯ ಜೊತೆ ಪೂಜೆ ಮಾಡುತ್ತಿದ್ದಾಳೆ. ಮಕ್ಕಳು ಖರ್ಜೂರದ ಗರಿ ಹಿಡಿದು ಸ್ವಾಗತಿಸುತ್ತಿದ್ದಾರೆ. ಆದರೆ ಅದೇ ಜುಡೇಯಾದಲ್ಲಿ 132ರಲ್ಲಿ ಬಾರ್ ಕೊಖ್ಬಾ ನಾಯಕತ್ವದಲ್ಲಿ ದಂಗೆ ಎದ್ದಿತು, 135ರವರೆಗೆ ನಡೆಯಿತು. ದಂಗೆಕೋರರು ಏನು ಮಾಡಿದರು ಗೊತ್ತೇ? ಕೈಗೆ ಸಿಕ್ಕ ರೋಮನ್ ನಾಣ್ಯಗಳ ಮೇಲೆಯೇ ತಮ್ಮ ಅಚ್ಚು ಹೊಡೆದರು. ಚಕ್ರವರ್ತಿಯ ಮುಖದ ಮೇಲೆ ಜೆರುಸಲೇಮಿನ ದೇವಾಲಯ, 'ಜೆರುಸಲೇಮಿನ ಸ್ವಾತಂತ್ರ್ಯಕ್ಕಾಗಿ' ಎಂಬ ಹೀಬ್ರೂ ಬರಹ. ಕೆಲವು ನಾಣ್ಯಗಳಲ್ಲಿ ಇಂದಿಗೂ ಕೆಳಗಿನ ರೋಮನ್ ಅಕ್ಷರ ಅಲ್ಲಲ್ಲಿ ಇಣುಕುತ್ತದೆ. ತಾಮ್ರದ ನಾಣ್ಯಗಳಲ್ಲಿ ಅವರು ಹಾಕಿದ ಮರ ಯಾವುದು ಗೊತ್ತೇ? ಅದೇ ಖರ್ಜೂರದ ಮರ. ವೆಸ್ಪಾಸಿಯನ್ ಅದರ ಬುಡದಲ್ಲಿ ಅಳುವ ಹೆಂಗಸನ್ನು ಕೂರಿಸಿದ್ದ. ಇವರು ಹೆಂಗಸನ್ನು ತೆಗೆದು ಮರವನ್ನಷ್ಟೇ ನಿಲ್ಲಿಸಿದರು.

ಚಂದ್ರವಳ್ಳಿ ಹುಡುಗ

ಮೈ ಜುಮ್ಮೆಂದಿತು. ನಮ್ಮ ಕಡೆಯೂ ಇಂಥದ್ದು ನಡೆದಿದೆ. ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ, ಕ್ಷಹರಾತ ವಂಶದ ದೊರೆ ನಹಪಾನನನ್ನು ಸೋಲಿಸಿ ಅವನ ಬೆಳ್ಳಿ ನಾಣ್ಯಗಳ ಮೇಲೆ ತನ್ನ ಗುರುತು ಒತ್ತಿಸಿದ. ನಾಸಿಕ್ ಹತ್ತಿರದ ಜೋಗಲ್‌ಟೆಂಬಿಯಲ್ಲಿ 13,000ಕ್ಕೂ ಹೆಚ್ಚು ನಾಣ್ಯಗಳ ನಿಧಿ ಸಿಕ್ಕಾಗ, ಹೆಚ್ಚಿನವು ಹೀಗೆ ಮೇಲೊತ್ತಿದವೇ ಆಗಿದ್ದವು. ಅಲ್ಲಿ ದಂಗೆ ಎದ್ದವರು ಒತ್ತಿದರು, ಇಲ್ಲಿ ಗೆದ್ದವನು ಒತ್ತಿಸಿದ.

ಒಂದು ಪ್ರಶ್ನೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿದ್ದವು. ಅವುಗಳಲ್ಲಿ ಈ ಡೇಸಿಯಾ, ಜುಡೇಯಾ ಥರದವು ಇವೆಯೇ?

ಟಂಕಸಾಲೆ

ಚಂದ್ರವಳ್ಳಿಯವು ಆಗಸ್ಟಸ್ ಮತ್ತು ಅವನ ನಂತರ ಚಕ್ರವರ್ತಿಯಾದ ಟೈಬೀರಿಯಸ್ ಕಾಲದವು. ದಕ್ಷಿಣ ಭಾರತದಲ್ಲಿ ಅತಿ ಹೆಚ್ಚು ಸಿಗುವುದೂ ಇವರಿಬ್ಬರ ಎರಡು ಬಗೆಯವೇ. ಒಂದು, ಆಗಸ್ಟಸ್‌ನ ಮೊಮ್ಮಕ್ಕಳು ಗಾಯಸ್, ಲೂಸಿಯಸ್ ಗುರಾಣಿ ಹಿಡಿದು ನಿಂತದ್ದು. ಇನ್ನೊಂದು, ಟೈಬೀರಿಯಸ್‌ನ ಕೂತ ಹೆಂಗಸಿನದು. ಆ ಕೂತ ಹೆಂಗಸು ಸೋತ ಪ್ರಾಂತ್ಯ ಅಲ್ಲ. ಅವಳು ಕುರ್ಚಿಯ ಮೇಲೆ ನೆಟ್ಟಗೆ, ಕೈಯಲ್ಲಿ ದಂಡ ಹಿಡಿದು ಕೂತಿದ್ದಾಳೆ. ಕೂತ ಎತ್ತರ ನೋಡಿದರೇ ತಿಳಿಯುತ್ತದೆ.

ಕ್ರಿ.ಶ. 64ರಲ್ಲಿ ನೀರೋ ಡಿನೇರಿಯಸ್‌ನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ತೂಕ ನೋಡಿ ತೆಗೆದುಕೊಳ್ಳುತ್ತಿದ್ದ ನಮ್ಮ ಕಡೆಯ ವ್ಯಾಪಾರಿಗಳಿಗೆ ಹಳೆಯವೇ ಬೇಕಾಗಿದ್ದವು. ಹಾಗಾಗಿ ವೆಸ್ಪಾಸಿಯನ್, ಟ್ರೇಜನ್ ಕಾಲದ ಬೆಳ್ಳಿ ಇಲ್ಲಿ ಬಹಳ ಕಡಿಮೆ. ಹೊಲ ಉಳುವಾಗ ಯಾರಿಗಾದರೂ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಿ, ಕಾನೂನು ಅದೇ. ಸಿಕ್ಕ ಜಾಗ ಗೊತ್ತಿಲ್ಲದ ನಾಣ್ಯ ಅರ್ಧ ಮೂಕ.

ಕಾವೇರಿದಂಡೆ

ನಿನ್ನೆ ರಾತ್ರಿ ನೀವು ಹೇಳಿದಂತೆ ಒಂದೇ ದೀಪ ಹಾಕಿ, ನಾಣ್ಯ ತಿರುಗಿಸುತ್ತಾ ಫೋಟೋ ತೆಗೆದೆ. ಏಳನೇ ಫೋಟೋದಲ್ಲಿ 'ಡಿ'ಯ ಪಕ್ಕ 'ಎ' ಕಂಡಿತು. ಒಂಬತ್ತನೆಯದರಲ್ಲಿ ಕೊನೆಯ 'ಪಿ'ಗೆ ಮುಂಚೆ ಇನ್ನೊಂದು 'ಎ'. ಡಾಕ್ ಕಾಪ್. ಅಡುಗೆಮನೆಯಲ್ಲಿದ್ದ ಯಜಮಾನರನ್ನು ಕೂಗಿ ಕರೆದು ತೋರಿಸಿದೆ.

ಇನ್ನೊಂದು ವಿಷಯ. ಚೀಟಿಯಲ್ಲಿ ತಾಳೆಗರಿ ಎಂದು ಬರೆದಿದ್ದ ಬಾಗಿದ ಗೆರೆ ಆಕೃತಿಯ ಕಾಲ ಬಳಿ ಇದೆ. ಓರೆ ಬೆಳಕಿನಲ್ಲಿ ನೋಡಿದರೆ ಎಲೆಗಳೇ ಇಲ್ಲ. ಒಂದು ತುದಿ ದಪ್ಪ, ಇನ್ನೊಂದು ಕುಡುಗೋಲಿನ ಹಾಗೆ ಒಳಕ್ಕೆ ಬಾಗಿ ಚೂಪಾಗಿದೆ. ಇದು ಏನು ಸರ್?

ಟಂಕಸಾಲೆ

ಡೇಸಿಯಾದವರ ಕತ್ತಿ ಮೇಡಂ. ಫಾಲ್ಕ್ಸ್ ಎನ್ನುತ್ತಾರೆ. ಒಳಬಾಗಿದ ಅಲಗು, ಅದರ ಏಟಿಗೆ ರೋಮನ್ ಸೈನಿಕರು ಬಹಳ ಹೆದರುತ್ತಿದ್ದರು. ಅವನ ಕೈಯಿಂದ ಬಿದ್ದದ್ದು ಅಲ್ಲೇ ಇದೆ.

ಕಾವೇರಿದಂಡೆ

ಹಳೇ ಚೀಟಿಯನ್ನು ಎಸೆಯದೆ ಹಿಂದೆ ಇಟ್ಟಿದ್ದೇನೆ. ಮುಂದೆ ಹೊಸದು, ಕನ್ನಡದಲ್ಲಿ: 'ಟ್ರೇಜನ್, ಡಿನೇರಿಯಸ್, ಕ್ರಿ.ಶ. 103-111. ಡೇಸಿಯಾದ ಗಂಡಸು, ಟೋಪಿ ಇದೆ, ಕತ್ತಿ ನೆಲದ ಮೇಲೆ.'